ಹಳೆಯ ಗಿಟಾರಿಗೆ ಪಾಟೀಸವಾಲು

ಅರುವತ್ತು ವರ್ಷ ದಾಟಿದ ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರನ್ನು ಮೆತ್ತನೆಯ ಬಟ್ಟೆಯ ಮೇಲೆ ಬೋರಲಾಗಿ ಮಲಗಿಸಿ, ತಂತಿಗಳನ್ನು ಸಡಿಲಿಸಿ, ಬೆನ್ನಿನ ಮೇಲಿರುವ ಲೋಹದ ಚಿಕ್ಕ ತಗಡಿನ ನಾಲ್ಕು ಸ್ಕ್ರೂಗಳನ್ನು ಬಿಚ್ಚಿದರೆ ಅದರ ಕುತ್ತಿಗೆ ಒಡಲಿನಿಂದ ಬೇರ್ಪಟ್ಟು ಕೈಗೆ ಬರುತ್ತದೆ. ಹೀಗೆ ಬಂದ ಕುತ್ತಿಗೆಯ ಬುಡದಲ್ಲಿ, ಬೆಳಕು ತಾಗದೆ ಉಳಿದ ಮೇಪಲ್ ಮರದ ಮೇಲೆ, ಪೆನ್ಸಿಲ್ಲಿನಲ್ಲಿ ಗೀಚಿದ ಅಥವಾ ರಬ್ಬರ್ ಮೊಹರಿನಿಂದ ಒತ್ತಿದ ತಿಂಗಳು ಮತ್ತು ವರ್ಷ ಮಸುಕಾಗಿ ಕಾಣುತ್ತದೆ. ಎರಡು ಬೆರಳಗಲದ ಆ ಜಾಗದಲ್ಲಿರುವ ಒಂದು ಅಂಕಿ ಹೆಚ್ಚುಕಡಿಮೆಯಾದರೆ ಗಿಟಾರಿನ ಬೆಲೆ ಹಲವು ಪಟ್ಟು ಏರುತ್ತದೆ, ಇಲ್ಲವೇ ನೆಲ ಕಚ್ಚುತ್ತದೆ.

ಹಳೆಯ ಎಲೆಕ್ಟ್ರಿಕ್ ಗಿಟಾರುಗಳು ಭಾರಿ ಬೆಲೆಗೆ ಹರಾಜಾಗುವ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದವರು ಬಹಳ ಮಂದಿ ಇದ್ದಾರೆ. ಆದರೆ ಅಂಥ ಗಿಟಾರನ್ನು ಕೊಳ್ಳುವ ಮೊದಲು ಬಲ್ಲವರು ಏನನ್ನು ನೋಡುತ್ತಾರೆ, ಯಾವುದನ್ನು ದೋಷವೆಂದು ಎಣಿಸುತ್ತಾರೆ, ಯಾವುದನ್ನು ಮನ್ನಿಸುತ್ತಾರೆ ಎಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಈ ಪೇಟೆಯ ನ್ಯಾಯ ಹೊರಗಿನವರಿಗೆ ವಿಚಿತ್ರವಾಗಿ ತೋರುತ್ತದೆ. ನುಡಿಸಿ ನುಡಿಸಿ ಬಣ್ಣ ಕಿತ್ತುಹೋಗಿ ಮರ ಬೋಳಾದ ಗಿಟಾರಿಗೆ ಅಲ್ಲಿ ಮರ್ಯಾದೆಯುಂಟು. ಅದೇ ಗಿಟಾರಿಗೆ ಯಾರೋ ಅಕ್ಕರೆಯಿಂದ ಹೊಸದಾಗಿ ಬಣ್ಣ ಬಳಿಸಿದ್ದರೆ, ಆ ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ, ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ವ್ಯಾಪಾರಿಗಳ ರೂಢಿಯ ಅಂದಾಜು. ಕಾಲ ಮಾಡಿದ ಹಾನಿಗೆ ಕ್ಷಮೆ, ಮನುಷ್ಯ ಮಾಡಿದ ರಿಪೇರಿಗೆ ದಂಡ. ಮೇಣ ಸಡಿಲವಾದಾಗ ವೀಣೆಯ ಮೆಟ್ಟಿಲುಗಳನ್ನು ಕಿತ್ತು ಹೊಸ ಮೇಣದಲ್ಲಿ ಕೂರಿಸುವುದನ್ನು ವಾದ್ಯದ ದಿನಚರಿಯ ಭಾಗವೆಂದೇ ತಿಳಿದಿರುವ ನಾಡಿನವರಿಗೆ ಈ ಕಟ್ಟುನಿಟ್ಟು ಒಗ್ಗುವುದು ಸ್ವಲ್ಪ ಕಷ್ಟ. ಆದರೂ ಈ ಪೇಟೆಯಲ್ಲಿ ನಡೆಯುವ ತಪಾಸಣೆಯೆಲ್ಲ ನಿಂತಿರುವುದು ಇದೇ ತತ್ತ್ವದ ಮೇಲೆ.

ಫುಲರ್ಟನ್ನಿನ ಸ್ಕ್ರೂ, ಕ್ಯಾಲಮಜೂವಿನ ಅಂಟು

ಇಂಥ ಹಳೆಯ ಗಿಟಾರುಗಳಿಗೆ ಹೇಳುವ ವಿಂಟೇಜ್ ಎಂಬ ಮಾತು ದ್ರಾಕ್ಷಾರಸದ ವ್ಯಾಪಾರದಿಂದ ಬಂದುದು. ಅಲ್ಲಿ ಅದು ದ್ರಾಕ್ಷಿ ಕೊಯ್ದ ವರ್ಷವನ್ನು ಸೂಚಿಸುತ್ತದೆ. ಗಿಟಾರಿನ ಪೇಟೆಯಲ್ಲಿಯೂ ಬರಿಯ ಹಳತನಕ್ಕೆ ಬೆಲೆಯಿಲ್ಲ, ಇಂಥ ಕಾರ್ಖಾನೆಯಲ್ಲಿ ಇಂಥ ವರ್ಷ ಹುಟ್ಟಿದ್ದೆಂಬುದಕ್ಕೆ ಬೆಲೆ. ಹೆಚ್ಚಿನ ಬೇಡಿಕೆಯಿರುವುದು ಅಮೆರಿಕದ ಎರಡು ಕಾರ್ಖಾನೆಗಳಲ್ಲಿ 1950ರಿಂದ 1965ರ ನಡುವೆ ತಯಾರಾದ ವಾದ್ಯಗಳಿಗೆ.

ಮೊದಲನೆಯದು ಕ್ಯಾಲಿಫೋರ್ನಿಯದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಲಿಯೋ ಫೆಂಡರ್ ಕಟ್ಟಿದ ಕಾರ್ಖಾನೆ. ಸ್ವತಃ ಗಿಟಾರ್ ನುಡಿಸಲು ಬಾರದಿದ್ದ ಈತ ವಾದ್ಯವನ್ನು ಕಂಡದ್ದು ರಿಪೇರಿಗಾರನ ಕಣ್ಣಿನಿಂದ: ಒಡಲನ್ನು ಟೊಳ್ಳಿಲ್ಲದ ಗಟ್ಟಿ ಹಲಗೆಯಿಂದ ಕತ್ತರಿಸಿ, ಕುತ್ತಿಗೆಯನ್ನು ಬೇರೆಯಾಗಿ ಮಾಡಿ, ಎರಡನ್ನೂ ನಾಲ್ಕು ಸ್ಕ್ರೂಗಳಿಂದ ಬಿಗಿದರೆ, ಕುತ್ತಿಗೆ ಕೆಟ್ಟಾಗ ಅದೊಂದನ್ನೇ ಬದಲಾಯಿಸಬಹುದೆಂಬುದು ಅವನ ಲೆಕ್ಕ. ಈ ಲೆಕ್ಕದಿಂದ 1951ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರು ಪಡೆದ ಮಾದರಿಯೂ 1954ರಲ್ಲಿ ಸ್ಟ್ರಾಟೋಕಾಸ್ಟರ್ ಮಾದರಿಯೂ ಹುಟ್ಟಿದವು. ಎರಡನೆಯದು ಮಿಷಿಗನ್ನಿನ ಕ್ಯಾಲಮಜೂವಿನಲ್ಲಿದ್ದ, ಅದಕ್ಕಿಂತ ಬಹಳ ಹಳೆಯದಾದ ಗಿಬ್ಸನ್ ಕಾರ್ಖಾನೆ. ಅಲ್ಲಿ ಕುತ್ತಿಗೆಯನ್ನು ಒಡಲಿನೊಳಕ್ಕೆ ಕೂರಿಸಿ ಅಂಟು ಹಾಕುವ ಬಡಗಿಗಳ ಸಂಪ್ರದಾಯ ಮುಂದುವರಿದಿತ್ತು. ವಾದಕ ಲೆಸ್ ಪಾಲ್ ಹೆಸರಿನ ಗಿಬ್ಸನ್ ಮಾದರಿ 1952ರಲ್ಲಿ ಬಂತು. 1958ರಿಂದ 1960ರವರೆಗೆ ಕೆಂಪಿನಿಂದ ಹಳದಿಗೆ ಕರಗುವ ಬಣ್ಣದಲ್ಲಿ ತಯಾರಾದ ಅದರ ರೂಪ ಆಗ ಹೆಚ್ಚು ಖರ್ಚಾಗದೆ ನಿಂತುಹೋಯಿತು. ತಯಾರಾದದ್ದು ಸುಮಾರು ಒಂದೂವರೆ ಸಾವಿರವೆಂದು ಅಂದಾಜಿಸಲಾಗುವ ಆ ಗಿಟಾರುಗಳೇ ಇಂದು ಈ ಪೇಟೆಯ ಶಿಖರ.

1965ರ ಜನವರಿಯಲ್ಲಿ ಸಿಬಿಎಸ್ ಪ್ರಸಾರ ಸಂಸ್ಥೆ 1.3 ಕೋಟಿ ಡಾಲರಿಗೆ ಫೆಂಡರ್ ಕಂಪನಿಯನ್ನು ಕೊಂಡುಕೊಂಡಿತು. ಆಮೇಲೆ ಕೆಲಸ ಒರಟಾಯಿತೆಂಬ ಅಭಿಪ್ರಾಯ ವಾದಕರಲ್ಲಿ ಹಬ್ಬಿ, 'ಸಿಬಿಎಸ್‌ಗೆ ಮುಂಚಿನದು' ಎಂಬುದೇ ಒಂದು ಬಿರುದಾಯಿತು. 1966ರಲ್ಲಿ ಎರಿಕ್ ಕ್ಲ್ಯಾಪ್ಟನ್ ಹಳೆಯ ಲೆಸ್ ಪಾಲ್ ಗಿಟಾರನ್ನು ಜಾನ್ ಮೇಯಲ್ ತಂಡದ ಧ್ವನಿಮುದ್ರಿಕೆಯಲ್ಲಿ ನುಡಿಸಿದ ನಂತರ, ಅಂಗಡಿಗಳಲ್ಲಿ ದೂಳು ಹಿಡಿದಿದ್ದ ಮಾದರಿಯನ್ನು ಜನ ಹುಡುಕಿಕೊಂಡು ಹೋಗತೊಡಗಿದರು.

ಭಾಗಗಳನ್ನು ಸುಲಭವಾಗಿ ಬದಲಾಯಿಸಲೆಂದೇ ಲಿಯೋ ಫೆಂಡರ್ ರೂಪಿಸಿದ ಗಿಟಾರಿನಲ್ಲಿ ಈಗ ಒಂದು ಭಾಗವೂ ಬದಲಾಗಿರಬಾರದೆಂದು ಕೊಳ್ಳುವವರು ಬಯಸುತ್ತಾರೆ. ತಪಾಸಣೆಯ ತಲೆನೋವು ಹುಟ್ಟಿಕೊಳ್ಳುವುದು ಈ ವಿರೋಧಾಭಾಸದಿಂದಲೇ.

ಭಾಗಗಳ ಜಾತಕ

ಹೊಸಬರು ಮೊದಲು ನೋಡುವುದು ಕ್ರಮಸಂಖ್ಯೆಯನ್ನು. ಪಳಗಿದವರು ಕೊನೆಯಲ್ಲಿ ನೋಡುವುದೂ ಅದನ್ನೇ. ಫೆಂಡರ್ ಗಿಟಾರುಗಳಲ್ಲಿ 1976ರವರೆಗೆ ಬಹುಮಟ್ಟಿಗೆ ಈ ಸಂಖ್ಯೆ ಇರುತ್ತಿದ್ದದ್ದು ಕುತ್ತಿಗೆಯನ್ನು ಬಿಗಿಯುವ ತಗಡಿನ ಮೇಲೆ. ಡಬ್ಬಿಯಲ್ಲಿ ಕೈಗೆ ಸಿಕ್ಕ ತಗಡನ್ನು ಸಿಕ್ಕ ಗಿಟಾರಿಗೆ ಹಾಕುತ್ತಿದ್ದುದರಿಂದ ಸಂಖ್ಯೆಗಳು ವರ್ಷದಿಂದ ವರ್ಷಕ್ಕೆ ಒಂದರ ಮೇಲೊಂದು ಬೀಳುತ್ತವೆ. ಅಲ್ಲದೆ ತಗಡನ್ನು ಒಂದು ಗಿಟಾರಿನಿಂದ ಇನ್ನೊಂದಕ್ಕೆ ಸಾಗಿಸಲು ಐದು ನಿಮಿಷವೂ ಬೇಡ. ಗಿಬ್ಸನ್ನಿನ ಗಟ್ಟಿ ಒಡಲಿನ ಗಿಟಾರುಗಳಲ್ಲಿ 1953ರಿಂದ 1961ರವರೆಗೆ ತಲೆಯ ಹಿಂಬದಿಯಲ್ಲಿ ಶಾಯಿಯಿಂದ ಒತ್ತಿದ ಸಂಖ್ಯೆಯ ಮೊದಲ ಅಂಕಿ ವರ್ಷದ ಕೊನೆಯ ಅಂಕಿಯಾಗಿರುತ್ತದೆ. 9ರಿಂದ ಆರಂಭವಾದದ್ದು 1959ರದ್ದೆಂದು ಓದಬೇಕು. ಅದಾದ ಮೇಲಿನ ದಶಕದಲ್ಲಿ ಮರದೊಳಕ್ಕೆ ಅಚ್ಚೊತ್ತಿದ ಸಂಖ್ಯೆಗಳು ಬಂದವಾದರೂ, ಒಂದೇ ಸಂಖ್ಯೆಯನ್ನು ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಬಳಸಿದ್ದರಿಂದ ಅವುಗಳ ಮೇಲೆ ಭರವಸೆ ಇಡುವಂತಿಲ್ಲ.

ಆದ್ದರಿಂದ ಪ್ರತಿಯೊಂದು ಭಾಗವನ್ನೂ ಬೇರೆ ಸಾಕ್ಷಿಯೆಂದು ತಿಳಿದು ಹೇಳಿಕೆ ಪಡೆದು, ಆ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವುದೇ ದಾರಿ. ಕುತ್ತಿಗೆಯ ಬುಡದ ತಾರೀಕು ಅಂಥ ಒಂದು ಹೇಳಿಕೆ. ಫೆಂಡರ್ ಕಾರ್ಖಾನೆಯಲ್ಲಿ 1962ರ ಸುಮಾರಿಗೆ ಪೆನ್ಸಿಲ್ ಹೋಗಿ ರಬ್ಬರ್ ಮೊಹರು ಬಂತು. ಈ ತಾರೀಕು ಸೂಚಿಸುವುದು ಕುತ್ತಿಗೆ ಸಿದ್ಧವಾದ ದಿನವನ್ನು ಮಾತ್ರ; ಗಿಟಾರ್ ಪೂರ್ತಿಯಾಗಿ ಹೊರಬಿದ್ದದ್ದು ಕೆಲವು ತಿಂಗಳ ನಂತರವೂ ಆಗಿರಬಹುದು.

ಇನ್ನೂ ಸ್ವಾರಸ್ಯದ ಸಾಕ್ಷಿ ಸಿಗುವುದು ಗಿಟಾರಿನ ಹೊಟ್ಟೆಯಲ್ಲಿ. ಶಬ್ದವನ್ನು ಏರಿಸಿ ಇಳಿಸುವ ಗುಬುಟಿನ ಕೆಳಗೆ, ರೇಡಿಯೊಗಳಲ್ಲಿರುವಂತೆಯೇ, ಪಾಟ್ ಎಂದು ಕರೆಯಲಾಗುವ ಚಿಕ್ಕ ಲೋಹದ ಡಬ್ಬಿಯೊಂದಿರುತ್ತದೆ. ಅಮೆರಿಕದ ಬಿಡಿಭಾಗ ತಯಾರಕರು ತಮ್ಮ ತಮ್ಮ ಗುರುತಿನ ಸಂಖ್ಯೆಯನ್ನೂ ತಯಾರಾದ ವರ್ಷ, ವಾರಗಳನ್ನೂ ಆ ಡಬ್ಬಿಯ ಮೇಲೆ ಒತ್ತುತ್ತಿದ್ದರು. 1376415 ಎಂದು ಇದ್ದರೆ 137 ಎಂಬುದು ಸಿಟಿಎಸ್ ಕಂಪನಿ, 64 ಎಂಬುದು 1964, 15 ಎಂಬುದು ಆ ವರ್ಷದ ಹದಿನೈದನೆಯ ವಾರ, ಎಂದರೆ ಏಪ್ರಿಲ್ ತಿಂಗಳು; 304ರಿಂದ ಆರಂಭವಾದರೆ ಅದು ಸ್ಟ್ಯಾಕ್‌ಪೋಲ್ ಕಂಪನಿಯದು. 1962ರದ್ದೆಂದು ಮಾರಾಟಕ್ಕಿಟ್ಟ ಗಿಟಾರಿನಲ್ಲಿ 1964ರ ಪಾಟ್ ಇದ್ದರೆ, ಒಂದೋ ಪಾಟ್ ಬದಲಾಗಿದೆ, ಇಲ್ಲವೇ ಗಿಟಾರ್ ತನ್ನ ವಯಸ್ಸನ್ನು ಹೆಚ್ಚಾಗಿ ಹೇಳಿಕೊಳ್ಳುತ್ತಿದೆ. ಇದನ್ನೇ ತಿರುವುಮುರುವಾಗಿ ಹೇಳಿದರೆ ಮಾತ್ರ ನಿಲ್ಲುವುದಿಲ್ಲ: ಸಿಬಿಎಸ್ ಆಡಳಿತ 1966ರಲ್ಲಿ ಪಾಟುಗಳನ್ನು ರಾಶಿಗಟ್ಟಲೆ ಕೊಂಡು ವರ್ಷಗಟ್ಟಲೆ ಬಳಸಿದ್ದರಿಂದ, 1969ರ ಫೆಂಡರ್ ಗಿಟಾರಿನಲ್ಲಿ 1966ರ ಪಾಟ್ ಕಂಡರೆ ಅದರಲ್ಲಿ ಶಂಕಿಸುವುದೇನೂ ಇಲ್ಲ. ಭಾಗ ಗಿಟಾರಿಗಿಂತ ಹಳೆಯದಾಗಿರಬಹುದು, ಕಿರಿಯದಾಗಿರುವಂತಿಲ್ಲ.

ಪಾಟನ್ನು ನೋಡುವಾಗ ಅದರ ಬೆಸುಗೆಯನ್ನೂ ನೋಡಬೇಕಾಗುತ್ತದೆ. ಕಾರ್ಖಾನೆಯ ಬೆಸುಗೆ ದಶಕಗಳಲ್ಲಿ ಬೂದಿಯಂತೆ ಮಂಕಾಗಿರುತ್ತದೆ ಮತ್ತು ಅದರಿಂದ ಹೊರಡುವ ತಂತಿಗೆ ಬಟ್ಟೆಯ ಹೊದಿಕೆ ಇರುತ್ತದೆ. ಮಿರುಗುವ ಬೆಸುಗೆಯ ಹನಿಯೊಂದು ಕಂಡರೆ, ಯಾರೋ ಎಂದೋ ಕಾದ ಸಲಾಕೆ ಹಿಡಿದು ಒಳಗೆ ಕೈಯಾಡಿಸಿದ್ದಾರೆಂದು ಅರ್ಥ.

ಬಣ್ಣ ಸೇರದ ಮೊಳೆಯ ತೂತು

ಬಣ್ಣದ ಪರೀಕ್ಷೆ ಈ ವಿದ್ಯೆಯ ಅತ್ಯಂತ ಸೂಕ್ಷ್ಮ ಭಾಗ. ಮೋಸ ಹೆಚ್ಚಾಗಿ ನಡೆಯುವುದೂ ಇಲ್ಲಿಯೇ.

ಆ ಕಾಲದ ಗಿಟಾರುಗಳಿಗೆ ಹಾಕುತ್ತಿದ್ದದ್ದು ನೈಟ್ರೋಸೆಲ್ಯುಲೋಸ್ ಎಂಬ ಮೆರುಗೆಣ್ಣೆ. ಹತ್ತಿಯ ನಾರಿನಂಥ ಪದಾರ್ಥವನ್ನು ಆಮ್ಲದಲ್ಲಿ ಸಂಸ್ಕರಿಸಿ ಪಡೆಯುವ ಈ ಲೇಪ ಬೇಗ ಒಣಗುತ್ತದೆ, ಆದರೆ ಮುದಿಯಾಗುತ್ತ ಹಳದಿಗೆ ತಿರುಗಿ, ತೆಳುವಾಗಿ, ಚಳಿ-ಸೆಕೆಗಳಿಗೆ ಸಿಕ್ಕಿ ಒಣಗಿದ ಕೆರೆಯ ತಳದಂತೆ ಕೂದಲೆಳೆಯ ಬಿರುಕುಗಳನ್ನು ಬಿಡುತ್ತದೆ. 1968ರಲ್ಲಿ ಫೆಂಡರ್ ಪಾಲಿಯೆಸ್ಟರ್ ಲೇಪಕ್ಕೆ ಹೊರಳಿದ ಮೇಲೆ ಗಿಟಾರಿನ ಮೈ ಗಾಜು ಕವಿದಂತೆ ದಪ್ಪವಾಯಿತು. 1950ರ ದಶಕದ್ದೆನ್ನುವ ಗಿಟಾರಿನ ಮೈ ಹಾಗಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಹಳೆಯ ಮೆರುಗೆಣ್ಣೆ ಕತ್ತಲ ಕೋಣೆಯಲ್ಲಿ ಅತಿನೇರಳೆ ದೀಪದ ಕೆಳಗೆ ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ. ಇತ್ತೀಚೆಗೆ ತೇಪೆ ಹಾಕಿದ ಜಾಗ ಹೊಳೆಯದೆ ಕಪ್ಪು ಮೋಡದಂತೆ ಉಳಿದುಬಿಡುತ್ತದೆ. ಹಗಲಲ್ಲಿ ಎಷ್ಟು ನೋಡಿದರೂ ಕಾಣದ ರಿಪೇರಿ ಈ ಬೆಳಕಿನಲ್ಲಿ ತಾನಾಗಿಯೇ ಹೊರಬೀಳುವುದರಿಂದ, ಅಂಗೈಯಗಲದ ಈ ದೀಪವನ್ನು ಜೇಬಿನಲ್ಲಿ ಇಟ್ಟುಕೊಳ್ಳದ ವ್ಯಾಪಾರಿ ಅಪರೂಪ.

ಫೆಂಡರ್ ಗಿಟಾರುಗಳಲ್ಲಿ ಇದಕ್ಕಿಂತಲೂ ಬಲವಾದ ಸಾಕ್ಷಿಯೊಂದಿದೆ. 1960ರ ದಶಕದ ಮಧ್ಯದವರೆಗೆ ಕಾರ್ಖಾನೆಯ ಬಣ್ಣಗಾರರು ಒಡಲಿನ ಮುಂಭಾಗದಲ್ಲಿ, ಮುಂದೆ ಪ್ಲಾಸ್ಟಿಕ್ ಫಲಕ ಮುಚ್ಚಿಕೊಳ್ಳುವ ಜಾಗಗಳಲ್ಲಿ, ಮೂರು ನಾಲ್ಕು ಸಣ್ಣ ಮೊಳೆಗಳನ್ನು ಹೊಡೆದು, ಬಣ್ಣ ಎರಚುವಾಗಲೂ ಒಣಗಿಸುವಾಗಲೂ ಒಡಲನ್ನು ಆ ಮೊಳೆಗಳ ಕಾಲಿನ ಮೇಲೆ ನಿಲ್ಲಿಸುತ್ತಿದ್ದರು. ಬಣ್ಣ ಒಣಗಿದ ಮೇಲೆ ಮೊಳೆ ಕೀಳುತ್ತಿದ್ದರು. ಹಾಗಾಗಿ ಮೂಲ ಬಣ್ಣದ ಗಿಟಾರಿನಲ್ಲಿ ಆ ತೂತುಗಳ ಒಳಗೆ ಬರಿಯ ಮರ ಕಾಣಬೇಕು, ಬಣ್ಣ ತೂತಿನ ಅಂಚಿನಲ್ಲೇ ನಿಂತಿರಬೇಕು. ಆಮೇಲೆ ಬಣ್ಣ ಬಳಿದವರ ಬಳಿ ಆ ಮೊಳೆಗಳು ಇರುವುದಿಲ್ಲವಾದ್ದರಿಂದ ಹೊಸ ಬಣ್ಣ ತೂತಿನೊಳಕ್ಕೆ ಇಳಿದಿರುತ್ತದೆ, ಇಲ್ಲವೇ ತೂತೇ ಮುಚ್ಚಿಹೋಗಿರುತ್ತದೆ. ಸಾಸಿವೆ ಕಾಳಿನಷ್ಟು ಅಗಲದ ತೂತಿನೊಳಗೆ ಭೂತಗನ್ನಡಿ ಹಿಡಿದು ಇಣುಕುವವರನ್ನು ಕಂಡು ನಗುವವರು, ಆ ತೂತು ಹೇಳುವ ಮಾತಿನ ಮೇಲೆ ಎಷ್ಟು ಹಣ ನಿಂತಿದೆಯೆಂದು ತಿಳಿದರೆ ನಗಲಾರರು.

ಬಣ್ಣದ ಹೆಸರಿನಲ್ಲಿ ನಡೆಯುವ ಮೋಸಕ್ಕೆ ಕಾರಣವೂ ಉಂಟು. ಅಂಚಿನ ಗಾಢ ಬಣ್ಣ ನಡುವಿನ ಹಳದಿಗೆ ಕರಗುವ ಸಾಮಾನ್ಯವಾದ ಸನ್‌ಬರ್ಸ್ಟ್ ಛಾಯೆ ಬೇಡವೆಂದವರಿಗೆ ಫೆಂಡರ್ ಶೇ 5ರಷ್ಟು ಹೆಚ್ಚು ಹಣ ಪಡೆದು ಡ್ಯುಪಾಂಟ್ ಕಂಪನಿಯ ಕಾರಿನ ಬಣ್ಣಗಳನ್ನು ಹಾಕಿಕೊಡುತ್ತಿತ್ತು. ಫಿಯೆಸ್ಟಾ ರೆಡ್ ಎಂಬುದು ಫೋರ್ಡ್ ಕಾರಿನಿಂದ ಬಂದ ಬಣ್ಣ, ಲೇಕ್ ಪ್ಲ್ಯಾಸಿಡ್ ಬ್ಲೂ ಕ್ಯಾಡಿಲಾಕ್ ಕಾರಿನದು. ಆಗಿನ ಆ ಶೇ 5ರ ವ್ಯತ್ಯಾಸ ಈಗ ಹಲವು ಪಟ್ಟು ಬೆಳೆದಿರುವುದರಿಂದ, ಸನ್‌ಬರ್ಸ್ಟ್ ಗಿಟಾರಿಗೆ ಕೆಂಪು ಬಳಿದು ಮೂಲ ಫಿಯೆಸ್ಟಾ ರೆಡ್ ಎಂದು ಮಾರುವ ಆಸೆ ಸಹಜ. ಆದರೆ ಕೆಂಪಿನ ಅಡಿಯಲ್ಲಿ ಸನ್‌ಬರ್ಸ್ಟ್ ಕಂಡ ಮಾತ್ರಕ್ಕೆ ಖೋಟಾ ಎಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಕೆಲವೊಮ್ಮೆ ಕಾರ್ಖಾನೆಯವರೇ ಸಿದ್ಧವಾಗಿದ್ದ ಸನ್‌ಬರ್ಸ್ಟ್ ಒಡಲಿನ ಮೇಲೆ ಬೇಡಿಕೆಯ ಬಣ್ಣ ಎರಚಿ ಕಳಿಸಿದ್ದುಂಟು.

ಗಿಬ್ಸನ್ನಿನ ಲೆಸ್ ಪಾಲ್ ವಿಷಯದಲ್ಲಿ ಬಣ್ಣ ಬೇರೆ ರೀತಿಯಲ್ಲಿ ಮಾತಾಡುತ್ತದೆ. 1958ರಿಂದ 1960ರ ಆರಂಭದವರೆಗೆ ಬಳಸಿದ ಕೆಂಪು ಬಿಸಿಲಿಗೆ ನಿಲ್ಲದ ಬಣ್ಣವಾಗಿದ್ದುದರಿಂದ, ಅಂಗಡಿಯ ಕಿಟಕಿಯಲ್ಲಿಟ್ಟ ಗಿಟಾರಿನ ಕೆಂಪೆಲ್ಲ ಆರಿ ಜೇನುತುಪ್ಪದ ಅಥವಾ ನಿಂಬೆಹಣ್ಣಿನ ಬಣ್ಣ ಉಳಿಯಿತು. ಪೆಟ್ಟಿಗೆಯಲ್ಲೇ ಮಲಗಿದ್ದವು ಕೆಂಪಾಗಿ ಉಳಿದವು. ಹೀಗೆ ಬಣ್ಣ ಆರಿದ ಗಿಟಾರಿನಲ್ಲಿ ಬೆಳಕು ಬೀಳದ ಮೂಲೆಗಳಲ್ಲಿ, ಅಂದರೆ ತಂತಿಯ ಕಂಪನವನ್ನು ಗ್ರಹಿಸುವ ಪಿಕಪ್ ಎಂಬ ಸಾಧನದ ಚೌಕಟ್ಟಿನ ಅಡಿಯಲ್ಲಿ, ಸ್ವಿಚ್ಚಿನ ಸುತ್ತಲಿನ ಪ್ಲಾಸ್ಟಿಕ್ ಬಿಲ್ಲೆಯ ಅಡಿಯಲ್ಲಿ, ಮೂಲ ಕೆಂಪು ಹೊಸದಾಗಿ ಹಚ್ಚಿದಂತೆ ಉಳಿದಿರಬೇಕು. ಬಿಲ್ಲೆಯನ್ನು ತಿರುಗಿಸಿ ಎತ್ತಿದಾಗ ಅದರಡಿಯಲ್ಲಿಯೂ ಹೊರಗಿನಷ್ಟೇ ಮಾಸಿದ ಬಣ್ಣವಿದ್ದರೆ, ಆ ಮಾಸಲನ್ನು ಬಿಸಿಲು ತಂದದ್ದಲ್ಲ, ಬಣ್ಣಗಾರ ತಂದದ್ದು.

ಇದಕ್ಕೆ ಇನ್ನೊಂದು ಗೊಂದಲವನ್ನು ಕಾರ್ಖಾನೆಗಳೇ ಸೇರಿಸಿವೆ. 1995ರಿಂದ ಫೆಂಡರ್ 'ರೆಲಿಕ್' ಎಂಬ ಹೆಸರಿನಲ್ಲಿ ಹೊಸ ಗಿಟಾರುಗಳನ್ನೇ ಉಜ್ಜಿ, ಕೆರೆದು, ತುಕ್ಕು ಹಿಡಿಸಿ ಹಳೆಯದರಂತೆ ಮಾಡಿ ಮಾರುತ್ತಿದೆ. ಅವು ಪ್ರಾಮಾಣಿಕವಾಗಿ ಹೊಸವೆಂದೇ ಮಾರಾಟವಾಗುತ್ತವೆ, ಅದರಲ್ಲಿ ತಪ್ಪಿಲ್ಲ. ಆದರೆ ಮುಪ್ಪನ್ನು ಕೃತಕವಾಗಿ ತರುವ ವಿದ್ಯೆ ಒಮ್ಮೆ ಹರಡಿದ ಮೇಲೆ ಅದು ಯಾರ ಕೈಯಲ್ಲಿದೆಯೆಂದು ಹೇಳಬರುವುದಿಲ್ಲ. ಸಹಜ ಸವೆತಕ್ಕೆ ಕಾರಣವೊಂದು ಇದ್ದೇ ಇರುತ್ತದೆ: ಮೊಣಕೈ ಒರಗುವಲ್ಲಿ, ಪಟ್ಟಿಯ ಬಕಲು ತಾಗುವ ಬೆನ್ನಿನಲ್ಲಿ, ಹೆಬ್ಬೆರಳು ಜಾರುವ ಕುತ್ತಿಗೆಯ ಹಿಂಬದಿಯಲ್ಲಿ. ವಾದಕನ ಮೈ ಎಂದೂ ತಾಗಲಾರದ ಜಾಗದಲ್ಲಿ ಬಣ್ಣ ಸವೆದಿದ್ದರೆ ಕಾರಣ ಕೇಳಬೇಕು.

ಮುರಿದು ಕೂಡಿದ ತಲೆ

ಗಿಬ್ಸನ್ ಗಿಟಾರುಗಳ ಬಲಹೀನ ಜಾಗ ತಲೆಯ ಬುಡ. ತಂತಿಗಳನ್ನು ಬಿಗಿಯುವ ಬಿರಡೆಗಳಿರುವ ತಲೆ 17 ಡಿಗ್ರಿಯಷ್ಟು ಹಿಂದಕ್ಕೆ ಬಾಗಿರುವುದರಿಂದ, ಇಡೀ ಕುತ್ತಿಗೆಯನ್ನು ಒಂದೇ ಮಹಾಗನಿ ತುಂಡಿನಿಂದ ಕೊರೆದಾಗ ಬಾಗಿನಲ್ಲಿ ಮರದ ಎಳೆ ಅಡ್ಡವಾಗಿ ಕಡಿದುಹೋಗುತ್ತದೆ. ಕುತ್ತಿಗೆಯ ಒಳಗಿನ ಉಕ್ಕಿನ ಸರಳನ್ನು ತಿರುಗಿಸಲು ತೋಡಿದ ಗುಳಿ ಕೂಡ ಅಲ್ಲಿಯೇ ಇರುವುದರಿಂದ ಉಳಿದ ಮರ ಇನ್ನೂ ತೆಳುವಾಗುತ್ತದೆ. ಪೆಟ್ಟಿಗೆಯಲ್ಲಿರುವಾಗಲೇ ಗಿಟಾರ್ ಹಿಂದಕ್ಕೆ ಉರುಳಿಬಿದ್ದರೆ ಸಾಕು, ತಲೆ ಕಳಚುತ್ತದೆ. ನುರಿತ ಬಡಗಿ ಅಂಟಿಸಿದ ಮೇಲೆ ಆ ಜೋಡಣೆ ಮರಕ್ಕಿಂತ ಗಟ್ಟಿಯಾಗಿರಬಹುದು, ನಾದದಲ್ಲಿ ಕೇಳುವಂಥ ವ್ಯತ್ಯಾಸವೂ ಇಲ್ಲದಿರಬಹುದು. ಆದರೂ ಬೆಲೆ ಅರ್ಧಕ್ಕೆ ಬೀಳುತ್ತದೆ. ಸಂಗ್ರಾಹಕನಿಗೆ ನಷ್ಟವಾದದ್ದು ಬರಿಯ ನುಡಿಸುವ ಆಸೆಯುಳ್ಳ ಬಡ ವಾದಕನಿಗೆ ಲಾಭವಾಗುವ ಅಪರೂಪದ ಸಂದರ್ಭ ಇದು.

ತಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಬುಡದಲ್ಲಿ ಉಗುರನ್ನು ಆಡಿಸಿದರೆ ಕೂಡಿಸಿದ ಗೆರೆ ತಾಗುವುದುಂಟು, ಅತಿನೇರಳೆ ದೀಪವಂತೂ ಅದನ್ನು ಅಡಗಲು ಬಿಡುವುದಿಲ್ಲ. ಬಿರಡೆಗಳ ಸುತ್ತ ಒಂದು ಹೆಚ್ಚುವರಿ ಸ್ಕ್ರೂ ತೂತು ಕಂಡರೆ, ಹಿಂದೆ ಅಲ್ಲಿ ಬೇರೆ ಜಾತಿಯ ಬಿರಡೆ ಕುಳಿತಿತ್ತೆಂದು ತಿಳಿಯಬೇಕು.

ನಿಯಮಕ್ಕೆ ಸಿಗದ ಎರಡು ಗಿಟಾರುಗಳು

ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆ ಈ ಪೇಟೆ ತನ್ನ ಶಾಸ್ತ್ರವನ್ನು ತಾನೇ ಮರೆತ ಪ್ರಸಂಗಗಳೂ ಇವೆ. ಎರಿಕ್ ಕ್ಲ್ಯಾಪ್ಟನ್ 1970ರಲ್ಲಿ ನ್ಯಾಶ್‌ವಿಲ್ಲಿನ ಅಂಗಡಿಯೊಂದರಲ್ಲಿ ಹಳೆಯ ಸ್ಟ್ರಾಟೋಕಾಸ್ಟರುಗಳನ್ನು ಕೊಂಡು, ಕೆಲವನ್ನು ಗೆಳೆಯರಿಗೆ ಕೊಟ್ಟು, ಉಳಿದ ಮೂರರ ಒಳ್ಳೆಯ ಭಾಗಗಳನ್ನು ಕೂಡಿಸಿ 'ಬ್ಲ್ಯಾಕಿ' ಎಂಬ ಒಂದು ಗಿಟಾರನ್ನು ಮಾಡಿಕೊಂಡನು. ಭಾಗಗಳ ಜಾತಕ ಕೇಳಿದರೆ ಬ್ಲ್ಯಾಕಿ ಮೊದಲ ಸುತ್ತಿನಲ್ಲೇ ಸೋಲಬೇಕು. ಆದರೆ 2004ರ ಹರಾಜಿನಲ್ಲಿ ಅದಕ್ಕೆ 9,59,500 ಡಾಲರ್ ಬಂತು. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರನ ಕಪ್ಪು ಸ್ಟ್ರಾಟೋಕಾಸ್ಟರ್ ಕೂಡ ಕುತ್ತಿಗೆಯಿಂದ ಪಿಕಪ್ಪಿನವರೆಗೆ ಮತ್ತೆ ಮತ್ತೆ ಬದಲಾದ ವಾದ್ಯವೇ. 2019ರ ಜೂನ್‌ನಲ್ಲಿ ಅದು 39,75,000 ಡಾಲರಿಗೆ ಹೋಯಿತು. ಯಾರ ಕೈಯಲ್ಲಿತ್ತು ಎಂಬುದರ ದಾಖಲೆ ಗಟ್ಟಿಯಾಗಿದ್ದಾಗ ಯಾವ ಸ್ಕ್ರೂ ಯಾವ ವರ್ಷದ್ದೆಂದು ಕೇಳುವವರಿಲ್ಲ. ಮಾರುವವರು ಬಾಯಿಮಾತಿನಲ್ಲಿ ಹೇಳುವ 'ಇಂಥ ಪ್ರಸಿದ್ಧರು ನುಡಿಸಿದ್ದು' ಎಂಬ ಕಥೆಗೆ ಮಾತ್ರ, ಛಾಯಾಚಿತ್ರವೋ ರಸೀದಿಯೋ ಜೊತೆಗಿಲ್ಲದಿದ್ದರೆ, ಕಾಸಿನ ಬೆಲೆಯೂ ಇಲ್ಲ.

ನುಡಿಸಿ ನೋಡುವ ಹೊತ್ತು

ಸಾಕ್ಷಿಗಳೆಲ್ಲ ಒಪ್ಪಿದ ಗಿಟಾರ್ ನುಡಿಸಲು ಯೋಗ್ಯವಾಗಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಆರು ತಂತಿಗಳು ಸೇರಿ ಕುತ್ತಿಗೆಯನ್ನು ಸುಮಾರು 45 ಕಿಲೋ ತೂಕದ ಬಲದಿಂದ ಎಳೆಯುತ್ತವೆ. ಈ ಎಳೆತಕ್ಕೆ ಎದುರಾಗಿ ಕುತ್ತಿಗೆಯೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದ್ದು, ತುದಿಯ ನಟ್ಟನ್ನು ತಿರುಗಿಸಿ ಬಾಗನ್ನು ಸರಿಪಡಿಸಲಾಗುತ್ತದೆ. ಗಿಬ್ಸನ್ನಿನ ಥಡಿಯಸ್ ಮೆಕ್‌ಹ್ಯೂ ರೂಪಿಸಿದ, 1923ರಲ್ಲಿ ಪೇಟೆಂಟ್ ಪಡೆದ ಈ ಸರಳಿನ ನಟ್ ತಿರುಗುವಷ್ಟು ತಿರುಗಿ ನಿಂತುಬಿಟ್ಟಿದ್ದರೆ ಅಥವಾ ಅದರ ಹಲ್ಲು ಸವೆದಿದ್ದರೆ, ಮುಂದಿನ ರಿಪೇರಿಗೆ ಬೆರಳೊತ್ತುವ ಹಲಗೆಯನ್ನೇ ಬಿಚ್ಚಬೇಕಾದೀತು. ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿಹಿಡಿದಾಗ ನಡುವಿನಲ್ಲಿ ತಂತಿಗೂ ಫ್ರೆಟ್ಟಿಗೂ 0.2ರಿಂದ 0.3 ಮಿಲಿಮೀಟರ್ ಸಂದು ಉಳಿದರೆ ಕುತ್ತಿಗೆ ಸುಸ್ಥಿತಿಯಲ್ಲಿದೆ. ವೀಣೆಯ ಮೆಟ್ಟಿಲಿನ ಸ್ಥಾನದಲ್ಲಿರುವ ಫ್ರೆಟ್ಟುಗಳು ಸವೆಯುವುದಕ್ಕೆಂದೇ ಇರುವ ಭಾಗಗಳಾದ್ದರಿಂದ, ಅವನ್ನು ಬದಲಾಯಿಸಿದ್ದರೆ ಪೇಟೆ ಅಷ್ಟಾಗಿ ಮುನಿಯುವುದಿಲ್ಲ.

ವಿದ್ಯುತ್ತಿನ ಭಾಗದಲ್ಲಿ ಮುಖ್ಯವಾದದ್ದು ಪಿಕಪ್: ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ, ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ. ಸ್ಟ್ರಾಟೋಕಾಸ್ಟರಿನಲ್ಲಿ ಒಂದು ಪಿಕಪ್ಪಿಗೆ ಸುಮಾರು 8,000 ಸುತ್ತು. ಅಳೆದಾಗ 5,500ರಿಂದ 6,500 ಓಮ್ ಪ್ರತಿರೋಧ ತೋರಿದರೆ ಆ ಕಾಲದ ರೂಢಿಗೆ ಹೊಂದುತ್ತದೆ. ಏನೂ ತೋರದಿದ್ದರೆ ತಂತಿ ಒಳಗೆಲ್ಲೋ ತುಂಡಾಗಿದೆ. ಮೀಟರ್ ಇಲ್ಲದವರು ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸಿ ಸ್ಕ್ರೂಡ್ರೈವರಿನ ತುದಿಯಿಂದ ಪ್ರತಿ ಪಿಕಪ್ಪನ್ನು ಮೆಲ್ಲಗೆ ತಟ್ಟಿ ಕೇಳುತ್ತಾರೆ. ಗುಬುಟು ತಿರುಗಿಸುವಾಗ ಬರುವ ಕರಕರ ಸದ್ದು ಮಾತ್ರ ದೂಳಿನದು, ಅದಕ್ಕೆ ಹೆದರಬೇಕಾಗಿಲ್ಲ.

ಪ್ಲಾಸ್ಟಿಕ್ ಭಾಗಗಳ ಬಗ್ಗೆ ಒಂದು ಎಚ್ಚರಿಕೆ ಸಾಕು. 1959ರಿಂದ 1960ರ ದಶಕದ ಮಧ್ಯದವರೆಗಿನ ಸ್ಟ್ರಾಟೋಕಾಸ್ಟರುಗಳ ಫಲಕ ಸೆಲ್ಯುಲಾಯ್ಡಿನದು. ಹಳೆಯ ಸಿನಿಮಾ ರೀಲಿನ ಜ್ಞಾತಿಯಾದ ಈ ವಸ್ತು ವರ್ಷ ಕಳೆದಂತೆ ತೆಳು ಹಸಿರಿಗೆ ತಿರುಗಿ, ಕುಗ್ಗಿ, ಸ್ಕ್ರೂಗಳ ಬಳಿ ಸೀಳುತ್ತದೆ. ಹಾಗೆ ಕುಗ್ಗಿ ಸೀಳಿದ ಫಲಕಕ್ಕೇ ಬೆಲೆ ಹೆಚ್ಚು.

ಬೀಟೆ ಮರ ಮತ್ತು ಗಡಿಯ ಕಾಗದ

1959ರ ನಂತರದ ಫೆಂಡರುಗಳಲ್ಲಿಯೂ ಹೆಚ್ಚಿನ ಗಿಬ್ಸನ್ನುಗಳಲ್ಲಿಯೂ ಬೆರಳೊತ್ತುವ ಹಲಗೆ ಬ್ರೆಜಿಲ್ ದೇಶದ ರೋಸ್‌ವುಡ್ ಮರದ್ದು. ಆ ಕಾಡುಗಳು ಬರಿದಾಗುತ್ತ ಬಂದಂತೆ ಅಮೆರಿಕದ ತಯಾರಕರು 1960ರ ದಶಕದ ಉತ್ತರಾರ್ಧದಲ್ಲಿ ಅದೇ ಕುಲದ ಇನ್ನೊಂದು ಮರಕ್ಕೆ ಹೊರಳಿದರು. ಮಾರ್ಟಿನ್ ಕಂಪನಿ ಹೊರಳಿದ್ದು 1969ರಲ್ಲಿ. ಆ ಇನ್ನೊಂದು ಮರ ಮಲೆನಾಡಿನವರೂ ಕೊಡಗಿನವರೂ ಬಲ್ಲ ಬೀಟೆ. ಹಳೆಯ ಮನೆಗಳ ಮಂಚ, ಪೆಟ್ಟಿಗೆಗಳಲ್ಲಿ ಕಾಣುವ ಅದೇ ನೇರಳೆಗಪ್ಪು ಮರ ಪ್ರಪಂಚದ ಅಸಂಖ್ಯ ಗಿಟಾರುಗಳ ಮೇಲೆ ಬೆರಳಿನ ಅಡಿಯಲ್ಲಿದೆ.

ಕೊಳ್ಳುವವರಿಗೆ ಈ ವ್ಯತ್ಯಾಸ ಗಿಟಾರಿನ ವಯಸ್ಸಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ 1992ರಲ್ಲಿ ಬ್ರೆಜಿಲ್ ರೋಸ್‌ವುಡ್ಡನ್ನು ಅತ್ಯಂತ ಕಟ್ಟುನಿಟ್ಟಿನ ಮೊದಲ ಪಟ್ಟಿಗೆ ಸೇರಿಸಿತು. 2017ರಲ್ಲಿ ಬೀಟೆಯೂ ಸೇರಿದಂತೆ ಆ ಕುಲದ ಉಳಿದೆಲ್ಲ ಮರಗಳು ಎರಡನೆಯ ಪಟ್ಟಿಗೆ ಬಂದವಾದರೂ, ಸಿದ್ಧ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ಮರಕ್ಕೆ ಆ ವಿನಾಯಿತಿ ಇಲ್ಲ. ಅಮೆರಿಕದಲ್ಲಿ 1962ರ ಸ್ಟ್ರಾಟೋಕಾಸ್ಟರ್ ಕೊಂಡು ಬೆಂಗಳೂರಿಗೆ ತರಿಸಲು ಹೊರಟವರು, ಆ ಮರ ಒಪ್ಪಂದದ ಮೊದಲೇ ಕಡಿದದ್ದೆಂಬ ಪ್ರಮಾಣಪತ್ರವಿಲ್ಲದೆ ಸುಂಕದ ಕಟ್ಟೆ ದಾಟಲಾರರು. ಹಳತನವನ್ನು ಸಾಬೀತುಪಡಿಸುವ ತಾರೀಕು, ಪಾಟ್ ಸಂಖ್ಯೆಗಳ ಛಾಯಾಚಿತ್ರಗಳು ಆಗ ಇನ್ನೊಮ್ಮೆ ಉಪಯೋಗಕ್ಕೆ ಬರುತ್ತವೆ.

ತೆರೆಯಬಾರದ ಮುಚ್ಚಳ

ತಪಾಸಣೆ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಲೆಸ್ ಪಾಲ್ ಗಿಟಾರಿನ ಪಿಕಪ್ಪಿನ ಬಳಿ ಎದುರಾಗುತ್ತದೆ. ಗಿಬ್ಸನ್ನಿನ ಎಂಜಿನಿಯರ್ ಸೆತ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ವಿದ್ಯುತ್ ದೀಪಗಳ ಗುಂಯ್‌ಗುಡುವ ಸದ್ದು ತಂತಾನೇ ಅಳಿಯುವಂತೆ ಮಾಡಿದನು. ಇದಕ್ಕೆ ಹಂಬಕರ್ ಎಂದು ಹೆಸರು. 1955ರಲ್ಲಿ ಸಲ್ಲಿಸಿದ ಅರ್ಜಿಗೆ 1959ರಲ್ಲಿ ಪೇಟೆಂಟ್ ಸಿಕ್ಕಿದರೂ, 'ಪೇಟೆಂಟಿಗೆ ಅರ್ಜಿ ಹಾಕಿದೆ' ಎಂಬ ಪುಟ್ಟ ಚೀಟಿಯನ್ನು 1962ರ ಸುಮಾರಿನವರೆಗೂ ಪಿಕಪ್ಪಿನ ಬೆನ್ನಿಗೆ ಅಂಟಿಸುತ್ತಿದ್ದರು. ಅನಂತರ ಬಂದ ಚೀಟಿಯಲ್ಲಿ ಮುದ್ರಿಸಿದ್ದು ಲೆಸ್ ಪಾಲ್ ಪಡೆದಿದ್ದ, ತಂತಿಯ ಬುಡ ಹಿಡಿಯುವ ಸಾಧನಕ್ಕೆ ಸೇರಿದ ಪೇಟೆಂಟ್ ಸಂಖ್ಯೆ. ತಪ್ಪಾಗಿಯೋ, ನಕಲು ಮಾಡುವವರ ದಾರಿ ತಪ್ಪಿಸಲೆಂದೋ ಎಂಬ ವಾದ ಇನ್ನೂ ನಡೆದಿದೆ. ಅರ್ಜಿಯ ಚೀಟಿಯಿರುವ ಪಿಕಪ್ಪುಗಳೇ ಈಗ ಬಿಡಿಯಾಗಿಯೂ ದೊಡ್ಡ ಬೆಲೆ ತರುವುದರಿಂದ ಚೀಟಿಗಳ ನಕಲೂ ಧಾರಾಳವಾಗಿದೆ.

ಒಳಗಿನ ಸುರುಳಿ ಮೂಲದ್ದೋ, ಮತ್ತೆ ಸುತ್ತಿದ್ದೋ ಎಂದು ತಿಳಿಯಲು ಲೋಹದ ಮುಚ್ಚಳವನ್ನು ತೆಗೆಯಬೇಕು. 1959 ಮತ್ತು 1960ರಲ್ಲಿ ಕೆಲವು ಸುರುಳಿಗಳ ಅಚ್ಚು ಕಪ್ಪಿನ ಬದಲು ಕೆನೆ ಬಣ್ಣದ ಪ್ಲಾಸ್ಟಿಕ್ಕಿನದಾಗಿದ್ದು, ಅಂಥವು ಇನ್ನಷ್ಟು ದುಬಾರಿ ಎಂಬ ಆಸೆಯೂ ಮುಚ್ಚಳ ತೆಗೆಯುವಂತೆ ಎಳೆಯುತ್ತದೆ. ಆದರೆ ಆ ಮುಚ್ಚಳವನ್ನು ಹಿಡಿದಿರುವುದು ಕಾರ್ಖಾನೆಯಲ್ಲಿ ಹಾಕಿದ ಎರಡು ಬೆಸುಗೆಗಳು. ಅವು ಒಡೆಯದೆ ಉಳಿದಿದ್ದರೆ ಒಳಗೆ ಯಾರೂ ಕೈಹಾಕಿಲ್ಲವೆಂಬುದಕ್ಕೆ ಅವೇ ಪ್ರಮಾಣ. ಪರೀಕ್ಷಿಸಲೆಂದು ಅವನ್ನು ಕರಗಿಸಿದ ಕ್ಷಣವೇ ಪರೀಕ್ಷಿಸಬೇಕಾಗಿದ್ದ ಗುಣ ಇಲ್ಲವಾಗುತ್ತದೆ. ಬಲ್ಲ ಕೊಳ್ಳುಗರು ಅಲ್ಲಿ ಕೈ ಹಿಂದೆಗೆದುಕೊಂಡು, ಮೀಟರಿನ ಅಂಕಿಯನ್ನೂ ಬೆಸುಗೆಯ ಮಂಕನ್ನೂ ಗುರುತು ಹಾಕಿಕೊಂಡು, ಸ್ಕ್ರೂಗಳನ್ನು ಮತ್ತೆ ಹಾಕಲು ತೊಡಗುತ್ತಾರೆ. ಹಾಕುವಾಗ ಪ್ರತಿ ಸ್ಕ್ರೂವನ್ನು ಮೊದಲು ಬಿಚ್ಚುವ ದಿಕ್ಕಿಗೇ ತಿರುಗಿಸಿ, ಅದು ಮರದಲ್ಲಿ ಮೊದಲೇ ಬಿದ್ದಿರುವ ಸುತ್ತಿನೊಳಕ್ಕೆ ಟಕ್ಕೆಂದು ಇಳಿದುದನ್ನು ಬೆರಳಿನಲ್ಲಿ ತಿಳಿದ ಮೇಲೆಯೇ ಬಿಗಿಯುತ್ತಾರೆ.